ಕೇಡಗಾಂವದ ರಮಾಬಾಯಿ

ನಮ್ಮ ವೇದಿಕೆಯ ಅರಿಸಿನ ಕುಂಕುಮದ ದಿನ ಮಾತು ಹೇಗೋ ಲಾಡ್ಕಿ ಬಹೀಣ್ ಹಣಕ್ಕೆ ಹೊರಳಿತು. ಇಲ್ಲಿ 1,500, ನಮ್ಮ ಕಡೆ ಗೃಹಲಕ್ಷ್ಮಿ 2,000. ಪುಕ್ಕಟೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂದವರಲ್ಲಿ ನಾನೂ ಒಬ್ಬಳು. ಮರುವಾರ ರೈಲಿನಲ್ಲಿ ಪುಣೆಯಿಂದ ಕಲಬುರಗಿಗೆ ಹೊರಟಾಗ, ದೌಂಡ್‌ಗೆ ಮುಂಚೆ ಕೇಡಗಾಂವ್ ನಿಲ್ದಾಣ ಕಂಡಿತು. ಪಂಡಿತಾ ರಮಾಬಾಯಿ ನೆನಪಾದರು.

ಅವರು ನಮ್ಮವರೇ. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿ ಊರವರ ಸಿಟ್ಟು ಕಟ್ಟಿಕೊಂಡವರು. ಆಸ್ತಿಯೆಲ್ಲ ಕರಗಿದ ಮೇಲೆ ಸಂಸಾರ ಊರೂರು ಅಲೆದು ಪುರಾಣ ಓದಿ ಬದುಕಿತು. 1870ರ ದಶಕದ ಬರದಲ್ಲಿ ಅದೂ ನಿಂತಿತು. ಬೇರೆ ಕಸುಬು ಗೊತ್ತಿಲ್ಲ, ಬೇಡಲು ನಾಚಿಕೆ. ಕೆಲವೇ ತಿಂಗಳಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಹೋದರು. ಸಾಯುವ ತಾಯಿಗಾಗಿ ರಮಾ ಪಕ್ಕದ ಮನೆಗೆ ಒಂದು ತುಂಡು ಸಜ್ಜೆ ರೊಟ್ಟಿ ಕೇಳಲು ಹೋದಳು. ಬಾಯಿ ಬರಲಿಲ್ಲ, ಅಳುವೇ ಬಂತು. ಆ ಮನೆಯಾಕೆ ತಾನೇ ಅರಿತು ಕೊಟ್ಟಳು. ತಿನ್ನುವ ಶಕ್ತಿ ತಾಯಿಗೆ ಉಳಿದಿರಲಿಲ್ಲ. ಚಟ್ಟ ಹೊರಲು ಜನ ಸಾಲದೆ ಗಿಡ್ಡ ಹುಡುಗಿ ತಲೆಯ ಮೇಲೆ ಹೊತ್ತಳು.

ಈ ಮನೆಯವರನ್ನು ಸೋಮಾರಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ.

ಮುಂದಿನದು ನಿಮಗೆ ಗೊತ್ತಿರುವುದೇ: ಕಲ್ಕತ್ತೆಯಲ್ಲಿ ಪಂಡಿತೆ ಎಂಬ ಬಿರುದು, ಮದುವೆ, ಎರಡೇ ವರ್ಷದಲ್ಲಿ ವೈಧವ್ಯ, ಮಗಳು ಮನೋರಮಾ, ಇಂಗ್ಲೆಂಡಿನಲ್ಲಿ ಕ್ರೈಸ್ತಧರ್ಮ, ಅಮೆರಿಕ ಪ್ರವಾಸ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಹುಡುಗಿಯರು ಅವರ ಪ್ರಾರ್ಥನೆಗೆ ಕೂರುತ್ತಾರೆಂದು 1893ರಲ್ಲಿ ಗಲಾಟೆಯೆದ್ದು, ರಾನಡೆ, ಭಾಂಡಾರಕರರಂಥವರೂ ಸಲಹಾ ಮಂಡಳಿ ಬಿಟ್ಟರು. ಅನ್ನದ ಜೊತೆ ಧರ್ಮವೂ ಬಂದರೆ ಹಸಿದವಳಿಗೆ ಬೇಡವೆನ್ನುವ ಬಲವೆಲ್ಲಿ? ಆ ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆದರೆ ಮಕ್ಕಳನ್ನು ಬಿಡಿಸಿಕೊಂಡು ಹೋದ ಮನೆಗಳು ಅವರ ಓದಿಗೆ ಏನು ಮಾಡಿದವು ಎಂಬುದೂ ಕೇಳಬೇಕಾದ್ದೇ.

1896–97ರ ಬರದಲ್ಲಿ ರಮಾಬಾಯಿ ಮಧ್ಯಪ್ರಾಂತ್ಯಕ್ಕೆ ಹೋದರು. ಸರ್ಕಾರದ ಪರಿಹಾರ ಕೇಂದ್ರಗಳಲ್ಲಿ ಗಂಜಿ ಸಿಕ್ಕರೂ ಒಂಟಿ ಹುಡುಗಿಯರಿಗೆ ರಕ್ಷಣೆ ಇರಲಿಲ್ಲ. ಮುನ್ನೂರರಷ್ಟು ಜನರನ್ನು ಕರೆತಂದು ಕೇಡಗಾಂವದ ತಮ್ಮ ಹೊಲದಲ್ಲಿ ನೆಲೆ ಕೊಟ್ಟರು. 1900ರ ಹೊತ್ತಿಗೆ ಅಲ್ಲಿ 2,000ದ ಹತ್ತಿರ ಹೆಂಗಸರು. ಮೊದಲು ಊಟ, ಆಮೇಲೆ ನೇಯ್ಗೆ, ಅಚ್ಚುಕೂಟ, ಹೈನು, ಹೊಲ. ಕುರುಡಿಯರಿಗೆ ಬ್ರೈಲ್ ಕಲಿಸಿದವಳು ಮನೋರಮಾ. ಗುಲ್ಬರ್ಗದಲ್ಲಿ ಶಾಲೆ ನಡೆಸಿದವಳೂ ಅವಳೇ. ದುಡಿಯಲಾಗದ ಮುದುಕಿಯರಿಗೂ ಅಲ್ಲಿ ಜಾಗವಿತ್ತು.

1921ರಲ್ಲಿ ಮಗಳು ತೀರಿಕೊಂಡಳು; ಮರುವರ್ಷ ಏಪ್ರಿಲ್ 5ರಂದು ತಾಯಿ.

ಊರಿಂದ ಬಂದ ಮೇಲೆ ನಮ್ಮ ಮನೆಗೆಲಸದ ಬಾಯಿಯನ್ನು ಕೇಳಿದೆ, ಆ 1,500 ಏನು ಮಾಡುತ್ತೀ ಎಂದು. ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆಗೆ ಎಂದಳು.