ಮುಗಿದಿದ್ದು ಅರಮನೆಯೊಂದೇ

ಬಿಇ ಎರಡನೇ ವರ್ಷ ಮುಗಿದಿತ್ತು. ಇಂಟರ್ನ್‌ಶಿಪ್ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅದೇ ಬೇಸರದಲ್ಲಿ ಗೆಳೆಯರ ಜೊತೆ ಮುಂಬೈಗೆ ಹೋದೆ. ಗೇಟ್‌ವೇ ಆಫ್ ಇಂಡಿಯಾ ಬಳಿ ಅವರೆಲ್ಲ ಸೆಲ್ಫಿಯಲ್ಲಿ ಮುಳುಗಿದ್ದರೆ, ನಾನು ಎದುರಿನ ತಾಜ್ ಮಹಲ್ ಪ್ಯಾಲೇಸ್ ಹೋಟೆಲಿನ ಕೆಂಪು ಗುಮ್ಮಟ ನೋಡುತ್ತಾ ನಿಂತೆ. ಒಳಗೆ ಹೋಗಿ ಚಹಾ ಕುಡಿಯುವಷ್ಟು ದುಡ್ಡು ಜೇಬಿನಲ್ಲಿರಲಿಲ್ಲ. ಆದರೆ ಅದನ್ನು ಕಟ್ಟಿಸಿದವರ ಕಥೆ ಗೊತ್ತಿತ್ತು.

ಜಮ್ಶೆಡ್‌ಜಿ ಟಾಟಾ ಹುಟ್ಟಿದ್ದು 1839ರಲ್ಲಿ, ಗುಜರಾತಿನ ನವಸಾರಿಯ ಪಾರ್ಸಿ ಪುರೋಹಿತರ ಮನೆತನದಲ್ಲಿ. ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ ತಂದೆಯ ವ್ಯಾಪಾರಕ್ಕೆ ಸೇರಿದರು. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿದಾಗ ಕುಟುಂಬಕ್ಕೆ ಭಾರೀ ಪೆಟ್ಟು ಬಿತ್ತು. ಆಗ ಅವರಿಗೆ 26 ವರ್ಷ. ಮೂರು ವರ್ಷಗಳ ನಂತರ 21,000 ರೂಪಾಯಿ ಬಂಡವಾಳದಲ್ಲಿ ಸ್ವಂತ ವ್ಯಾಪಾರ ಶುರುಮಾಡಿದರು. 1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಮಿಲ್ ತೆರೆದರು. ಕಾನೂನಿನ ಒತ್ತಾಯವಿಲ್ಲದ ಆ ಕಾಲದಲ್ಲೇ ಅಲ್ಲಿನ ಕಾರ್ಮಿಕರಿಗೆ ಭವಿಷ್ಯ ನಿಧಿ ಬಂತು.

ಅವರಿಗೆ ನಾಲ್ಕು ದೊಡ್ಡ ಕನಸುಗಳಿದ್ದವು: ಉಕ್ಕಿನ ಕಾರ್ಖಾನೆ, ಜಲವಿದ್ಯುತ್, ವಿಜ್ಞಾನ ಸಂಸ್ಥೆ ಮತ್ತು ಒಂದು ಭವ್ಯ ಹೋಟೆಲ್. ಸಂಸ್ಥೆಗಾಗಿ ತಮ್ಮ ಆಸ್ತಿಯ ದೊಡ್ಡ ಪಾಲನ್ನೇ ಎತ್ತಿಟ್ಟರು. ಆದರೆ ಸರ್ಕಾರದ ಒಪ್ಪಿಗೆಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ಹೋಟೆಲ್ ಮಾತ್ರ 1903ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು. ಆಗಿನ್ನೂ ಗೇಟ್‌ವೇ ಇರಲಿಲ್ಲ. ಐದೇ ತಿಂಗಳಲ್ಲಿ, 1904ರ ಮೇ 19ರಂದು, ಅವರು ಜರ್ಮನಿಯಲ್ಲಿ ತೀರಿಕೊಂಡರು.

ಉಳಿದ ಮೂರನ್ನು ಮಕ್ಕಳು ಮತ್ತು ಜೊತೆಗಾರರು ಮುಂದುವರಿಸಿದರು. 1907ರಲ್ಲಿ ಉಕ್ಕಿನ ಕಂಪನಿ ಹುಟ್ಟಿತು. ಮೈಸೂರು ಸಂಸ್ಥಾನ ಜಾಗ ಕೊಟ್ಟಿತು, 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. 1915ರಲ್ಲಿ ಪಶ್ಚಿಮ ಘಟ್ಟದ ನೀರಿನಿಂದ ತಯಾರಾದ ವಿದ್ಯುತ್ ಮುಂಬೈ ತಲುಪಿತು.

ನಮ್ಮ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಆ ಸಂಸ್ಥೆಯ ಮುಂದೆ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಅದನ್ನು ಕಟ್ಟಬೇಕೆಂದವರು ಅದರ ಒಂದು ತರಗತಿಯನ್ನೂ ನೋಡಲಿಲ್ಲ ಎಂಬುದು ಮಾತ್ರ ತಲೆಗೆ ಹೊಳೆದಿರಲಿಲ್ಲ. ನಾಲ್ಕರಲ್ಲಿ ಮೂರು ಅರ್ಧಕ್ಕೆ ನಿಂತಿದ್ದರೂ ಅವರನ್ನು ಸೋತವರು ಎನ್ನಲಾದೀತೆ? ನಾನೋ, ಒಂದು ಪಟ್ಟಿಯಲ್ಲಿ ಹೆಸರಿಲ್ಲವೆಂದು 20ನೇ ವಯಸ್ಸಿಗೇ ಲೆಕ್ಕ ಮುಗಿಸಿ ಕೂತಿದ್ದೆ.

ಊರಿಗೆ ಬಂದ ಮರುದಿನವೇ ಇನ್ನೊಂದು ಅರ್ಜಿ ಹಾಕಿದೆ. ಉತ್ತರ ಇನ್ನೂ ಬಂದಿಲ್ಲ.