ಪಾಲ್ ಎರ್ಲಿಖ್

ಪಾಲ್ ಎರ್ಲಿಖ್ (ಮಾರ್ಚ್ 14, 1854 – ಆಗಸ್ಟ್ 20, 1915) ಜರ್ಮನಿಯ ಪ್ರಸಿದ್ಧ ವೈದ್ಯವಿಜ್ಞಾನಿ. ರಕ್ತದಲ್ಲಿ ಪ್ರತಿಕಾಯಗಳು ಹೇಗೆ ಉಂಟಾಗುತ್ತವೆ ಎಂಬುದಕ್ಕೆ ಸಿದ್ಧಾಂತವೊಂದನ್ನು ರೂಪಿಸಿದವರು. ದೇಹದ ರಕ್ಷಣಾ ವ್ಯವಸ್ಥೆಯು ತನ್ನ ದೇಹವನ್ನೇ ಏಕೆ ಘಾಸಿಗೊಳಿಸುವುದಿಲ್ಲ ಎಂಬ ಪ್ರಶ್ನೆಯನ್ನು ಪ್ರಯೋಗದ ಮೂಲಕ ಪರಿಶೀಲಿಸಿದವರು.

ಜನನ, ವಿದ್ಯಾಭ್ಯಾಸ

ಎರ್ಲಿಖ್ ಸೈಲೀಶಿಯಾ ಪ್ರಾಂತದ ಸ್ಟ್ರೇಲೆನ್ ಎಂಬ ಊರಿನ ಯಹೂದಿ ಕುಟುಂಬದಲ್ಲಿ ಜನಿಸಿದರು. ಆ ಊರು ಈಗ ಪೋಲೆಂಡಿನಲ್ಲಿದೆ. ತಾಯಿಯ ಕಡೆಯ ಬಂಧುವಾದ ಕಾರ್ಲ್ ವೈಗರ್ಟ್ ಅವರಿಂದ ಜೀವಕೋಶಗಳಿಗೆ ಬಣ್ಣ ಕಟ್ಟುವ ವಿಧಾನದಲ್ಲಿ ಆಸಕ್ತಿ ಮೂಡಿತು. ಇದೇ ವಿಷಯವನ್ನು ಕುರಿತ ಪ್ರಬಂಧಕ್ಕೆ 1878ರಲ್ಲಿ ಡಾಕ್ಟರ್ ಪದವಿ ದೊರೆಯಿತು. ಒಂದೊಂದು ಬಣ್ಣವು ಕೆಲವು ಕೋಶಗಳಿಗೆ ಮಾತ್ರ ಅಂಟಿಕೊಳ್ಳುವುದನ್ನು ಕಂಡದ್ದೇ ಅವರ ಮುಂದಿನ ಚಿಂತನೆಗಳಿಗೆಲ್ಲ ತಳಹದಿಯಾಯಿತು. ಕ್ಷಯರೋಗ ತಗುಲಿದ್ದರಿಂದ ಕೆಲಕಾಲ ಈಜಿಪ್ಟಿನಲ್ಲಿದ್ದು, ಚೇತರಿಸಿಕೊಂಡು ಬರ್ಲಿನ್ನಿಗೆ ಮರಳಿ ರಾಬರ್ಟ್ ಕಾಖ್ ಅವರ ಸಂಸ್ಥೆಯನ್ನು ಸೇರಿದರು.

ಪ್ರತಿಕಾಯಗಳ ಅಧ್ಯಯನ

ಎಮಿಲ್ ಫಾನ್ ಬೇರಿಂಗ್ ಕಂಡುಹಿಡಿದ ಗಂಟಲಮಾರಿಯ ಪ್ರತಿವಿಷವನ್ನು ಖಚಿತವಾಗಿ ಅಳೆಯುವ ಕ್ರಮವನ್ನು ಎರ್ಲಿಖ್ ರೂಪಿಸಿದರು. 1897ರಲ್ಲಿ ಪಾರ್ಶ್ವಸರಪಳಿ ಸಿದ್ಧಾಂತವನ್ನು ಮಂಡಿಸಿದರು. ಕೋಶದ ಮೇಲಿನ ಗ್ರಾಹಕಗಳಿಗೆ ವಿಷವು ಬೀಗಕ್ಕೆ ಕೀಲಿಯಂತೆ ಹೊಂದಿಕೊಳ್ಳುತ್ತದೆ; ಆಗ ಕೋಶವು ಅಂಥ ಗ್ರಾಹಕಗಳನ್ನು ಹೇರಳವಾಗಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ; ಅವೇ ಪ್ರತಿಕಾಯಗಳು ಎಂಬುದು ಇದರ ಸಾರ. 1908ರಲ್ಲಿ ಇಲ್ಯಾ ಮೆಚ್ನಿಕಾಫ್ ಅವರೊಡನೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಸ್ವಪ್ರತಿರಕ್ಷೆಯ ಪ್ರಶ್ನೆ

ಎರ್ಲಿಖ್ ಮತ್ತು ಸಹೋದ್ಯೋಗಿ ಯೂಲಿಯಸ್ ಮಾರ್ಗನ್‌ರೋಟ್ ಆಡುಗಳಿಗೆ ಬೇರೆ ಆಡುಗಳ ರಕ್ತವನ್ನು ಚುಚ್ಚಿದರು. ಉಂಟಾದ ಪ್ರತಿಕಾಯಗಳು ಇತರ ಆಡುಗಳ ರಕ್ತಕಣಗಳನ್ನು ಒಡೆದವೇ ಹೊರತು ಸ್ವಂತ ಕಣಗಳನ್ನು ಮುಟ್ಟಲಿಲ್ಲ. ಈ ಸ್ವವಿಷಭೀತಿಗೆ ಎರ್ಲಿಖ್ ಹಾರರ್ ಆಟೋಟಾಕ್ಸಿಕಸ್ ಎಂದು ಹೆಸರಿಟ್ಟರು. ಈ ತಡೆ ಕುಸಿದರೆ ರೋಗ ಉಂಟಾಗಬಹುದೆಂಬುದನ್ನೂ ಅವರು ಗಮನಿಸಿದ್ದರು. ಆದರೆ ಮುಂದಿನವರಲ್ಲಿ ಅನೇಕರು ಅಂಥ ರೋಗ ಅಸಾಧ್ಯವೆಂದೇ ಅರ್ಥಮಾಡಿಕೊಂಡರು. 1904ರಲ್ಲಿಯೇ ಡೋನಾಟ್ ಮತ್ತು ಲ್ಯಾಂಡ್‌ಸ್ಟೈನರ್ ಸ್ವಂತ ರಕ್ತಕಣಗಳನ್ನು ಒಡೆಯುವ ಪ್ರತಿಕಾಯವನ್ನು ರೋಗಿಗಳಲ್ಲಿ ಗುರುತಿಸಿದ್ದರೂ ಈ ಅಧ್ಯಯನವು ದಶಕಗಳ ಕಾಲ ಹಿಂದುಳಿಯಿತು.

ಕೊನೆಯ ದಿನಗಳು, ಪ್ರಭಾವ

ರೋಗದ ಮೂಲವನ್ನಷ್ಟೇ ತಾಕುವ ಔಷಧವನ್ನು ಎರ್ಲಿಖ್ ಮಾಂತ್ರಿಕ ಗುಂಡೆಂದು ಕರೆದರು. ಸಾಹಾಚಿರೋ ಹಾಟಾ ಅವರೊಡನೆ ಸಿಫಿಲಿಸ್ ರೋಗಕ್ಕೆ ಕಂಡುಹಿಡಿದ ಸಾಲ್ವರ್ಸಾನ್ 1910ರಲ್ಲಿ ಬಳಕೆಗೆ ಬಂದಿತು. 1915ರಲ್ಲಿ ಎರ್ಲಿಖ್ ಬಾಡ್ ಹೊಂಬುರ್ಗ್‌ನಲ್ಲಿ ನಿಧನರಾದರು.

1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕಂಡುಹಿಡಿದರು. 1990ರ ದಶಕದಲ್ಲಿ ಲಂಡನ್ನಿನ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್, ಉರಿಯೂತ ಹೆಚ್ಚಿಸುವ ಟಿ.ಎನ್.ಎಫ್. ಎಂಬ ಸೈಟೊಕೈನನ್ನು ಇಂಥ ಪ್ರತಿಕಾಯದಿಂದ ತಡೆದು ರುಮಟಾಯ್ಡ್ ಸಂಧಿವಾತವನ್ನು ಶಮನಗೊಳಿಸಬಹುದೆಂದು ತೋರಿಸಿದರು. ದೇಹವು ತನ್ನ ಮೇಲೆಯೇ ತಿರುಗಿಬೀಳುವ ರೋಗಕ್ಕೆ ಪ್ರತಿಕಾಯವೇ ಔಷಧವಾದದ್ದು ಹೀಗೆ.