ಹಂದಿಗೂಡಿನ ಚೀಲದ ಹಿಂದೊಬ್ಬ ಸುಬ್ಬರಾವ್

ಮಿಜಾರಿನಲ್ಲಿ ಎಂಜಿನಿಯರಿಂಗ್ ಓದುವಾಗ ಗೆಳೆಯನ ಮನೆಯ ಹಂದಿಗೂಡಿಗೆ ಹೋಗ್ತಿದ್ದೆ. ಆಗಷ್ಟೇ ತಾಯಿಹಾಲು ಬಿಡಿಸಿದ ಮರಿಗಳ ಫೀಡ್‌ಗೆ ಅವನಪ್ಪ ಕಂದು ಪುಡಿ ಬೆರೆಸ್ತಿದ್ರು. ಭೇದಿ ಬರಲ್ಲ, ಬೇಗ ತೂಕ ಬರುತ್ತೆ ಅಂತ. ಚೀಲದ ಮೇಲೆ ಕ್ಲೋರ್‌ಟೆಟ್ರಾಸೈಕ್ಲಿನ್ ಅಂತಿತ್ತು. ಅದೊಂದು ಆಂಟಿಬಯೋಟಿಕ್, ಅದು ಹೊರಬಂದ ಪ್ರಯೋಗಾಲಯ ಒಬ್ಬ ಭಾರತೀಯನ ಕೈಯಲ್ಲಿತ್ತು ಅನ್ನೋದು ಗೊತ್ತಾಗಿದ್ದು ಪತ್ರಿಕೋದ್ಯಮಕ್ಕೆ ಬಂದ ಮೇಲೆ.

ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರಲ್ಲಿ, ಆಂಧ್ರದ ಭೀಮಾವರಂನಲ್ಲಿ. ಮೆಟ್ರಿಕ್ ದಾಟಿದ್ದು ಮೂರನೇ ಯತ್ನದಲ್ಲಿ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಗಾಂಧಿಯ ಕರೆಗೆ ಖಾದಿ ತೊಟ್ಟರು. ಬ್ರಿಟಿಷ್ ಪ್ರಾಧ್ಯಾಪಕರೊಬ್ಬರ ಸಿಟ್ಟಿಗೆ ಗುರಿಯಾಗಿ, ಎಂಬಿಬಿಎಸ್ ಬದಲು ಕೆಳದರ್ಜೆಯ ಎಲ್‌ಎಂಎಸ್ ಹಿಡಿದು ಹೊರಬಂದರು. 1923ರಲ್ಲಿ ಬಾಸ್ಟನ್‌ಗೆ ಹೋದರು. ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ರಕ್ತದಲ್ಲಿ ರಂಜಕ ಅಳೆಯುವ ವಿಧಾನ ಕಟ್ಟಿದರು, ಸ್ನಾಯುವಿನಲ್ಲಿ ಎಟಿಪಿ ಗುರುತಿಸಿದರು. ಕಾಯಂ ಹುದ್ದೆ ಮಾತ್ರ ಸಿಗಲಿಲ್ಲ.

1940ರಲ್ಲಿ ನ್ಯೂಯಾರ್ಕ್ ರಾಜ್ಯದ ಲೆಡರ್ಲಿ ಕಂಪನಿ ಸೇರಿದರು. ಸಹೋದರರಿಬ್ಬರು ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಬಲಿಯಾಗಿದ್ದರು. ಅದೇ ಕಾಯಿಲೆಗೆ ಮದ್ದಾಗುವ ಫೋಲಿಕ್ ಆಮ್ಲವನ್ನು ಅವರ ತಂಡ 1945ರಲ್ಲಿ ತಯಾರಿಸಿತು. ಆನೆಕಾಲು ರೋಗದ ಡಿಇಸಿ ಕೂಡ ಅಲ್ಲಿಂದಲೇ ಬಂತು. (ಕರಾವಳಿಯಲ್ಲಿ ಬೆಳೆದ ನಾವೆಲ್ಲ ಆ ಮಾತ್ರೆ ನುಂಗಿದವರೇ. ಹೆಸರು ಯಾರೂ ಹೇಳಿಕೊಡಲಿಲ್ಲ.) ಅವರ ಉಸ್ತುವಾರಿಯಲ್ಲೇ ಬೆಂಜಮಿನ್ ಡಗ್ಗರ್ ಎಂಬ ನಿವೃತ್ತ ಸಸ್ಯವಿಜ್ಞಾನಿ, ಮಿಸೌರಿಯ ಹೊಲದ ಮಣ್ಣಿನಿಂದ ಆರಿಯೋಮೈಸಿನ್ ತೆಗೆದರು. ಅದೇ ಕ್ಲೋರ್‌ಟೆಟ್ರಾಸೈಕ್ಲಿನ್. ಲೋಕಕ್ಕೆ ತಿಳಿಸಿದ್ದು 1948ರ ಜುಲೈನಲ್ಲಿ. ಮರುತಿಂಗಳೇ ಸುಬ್ಬರಾವ್ ನಿದ್ದೆಯಲ್ಲಿ ತೀರಿಕೊಂಡರು. 53 ವರ್ಷ.

ಮುಂದಿನದ್ದನ್ನು ಅವರು ನೋಡಲಿಲ್ಲ. ಅದೇ ಕಂಪನಿಯ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಅಗ್ಗದ ಬಿ12 ಹುಡುಕುತ್ತಾ, ಆರಿಯೋಮೈಸಿನ್ ತೆಗೆದುಳಿದ ಗಷ್ಟನ್ನು ಕೋಳಿಮರಿಗಳಿಗೆ ತಿನ್ನಿಸಿದರು. ಬಿ12 ಲೆಕ್ಕಕ್ಕೂ ಮೀರಿ ಮರಿಗಳು ದಪ್ಪಗಾದವು. ಹಂದಿಮರಿಗಳಲ್ಲೂ ಅದೇ ಆಯಿತು. 1951ರಲ್ಲಿ ಅಮೆರಿಕ ಫೀಡ್‌ಗೆ ಬೆರೆಸಲು ಅನುಮತಿ ಕೊಟ್ಟಿತು.

ನನಗೆ ಕಾಡುವುದು ಇದೇ. ರೋಗಿಗೆಂದು ಹುಡುಕಿದ ಮದ್ದು ಮೂರೇ ವರ್ಷದಲ್ಲಿ ಆರೋಗ್ಯವಂತ ಪ್ರಾಣಿಯ ತೂಕದ ಲೆಕ್ಕವಾಯಿತು. ದಿನಾ ಚಿಟಿಕೆಯಷ್ಟು ಕೊಟ್ಟರೆ ಬ್ಯಾಕ್ಟೀರಿಯಾ ಎಲ್ಲ ಸಾಯಲ್ಲ. ಬದುಕುಳಿದವು ಮದ್ದಿಗೆ ಜಗ್ಗಲ್ಲ, ಆ ಗುಣವನ್ನು ಬೇರೆಯವಕ್ಕೂ ದಾಟಿಸುತ್ತವೆ. ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲೇ ಎಚ್ಚರಿಸಿತ್ತು. ಯುರೋಪ್ ಒಕ್ಕೂಟ ಬೆಳವಣಿಗೆಗಾಗಿ ಆಂಟಿಬಯೋಟಿಕ್ ಬೆರೆಸುವುದನ್ನು ಪೂರ್ತಿ ನಿಲ್ಲಿಸಿದ್ದು 2006ರಲ್ಲಿ. ಭಾರತ ಮಾಂಸದ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸಿದ್ದು 2019ರಲ್ಲಿ.

ಗೆಳೆಯನ ಅಪ್ಪನನ್ನು ಬೈಯೋದು ಸುಲಭ. ಒಂದು ಭೇದಿಗೆ ಇಡೀ ಸೂಲಿನ ಮರಿಗಳು ಹೋದರೆ ಸಾಲದ ಕಂತು ಕಟ್ಟೋರು ಯಾರು? ಆ ಚೀಲವನ್ನು ಅವರು ಅಂಗಡಿಯಿಂದಲೇ ತಂದಿದ್ದರು, ಬೂಸಾ ತಂದಹಾಗೆ. ಪಶುವೈದ್ಯರ ಚೀಟಿ ಯಾರೂ ಕೇಳಿರಲಿಲ್ಲ.